ಹವಳದ ಟ್ಯಾಂಕಿಗೆ ಲೈಟ್ ಎಷ್ಟು ಪರ್ಸೆಂಟ್ ಇಡಬೇಕು?

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಜೀವಂತ ಹವಳ ಸಾಕುವವರಿಂದ ವಾರಕ್ಕೆ ಒಂದಾದರೂ ಈ ಮೆಸೇಜ್ ಬರುತ್ತದೆ. "ಎರಡಡಿ ಟ್ಯಾಂಕ್, ಹೊಸ ಎಲ್‌ಇಡಿ ತಗೊಂಡಿದ್ದೀನಿ. ನೀಲಿ ಎಷ್ಟು, ಬಿಳಿ ಎಷ್ಟು ಇಡಲಿ?" ಜೊತೆಗೆ ಲೈಟಿನ ಆ್ಯಪ್‌ನ ಒಂದು ಸ್ಕ್ರೀನ್‌ಶಾಟ್. ಟ್ಯಾಂಕಿನಲ್ಲಿ ಯಾವ ಹವಳ ಇದೆ, ಲೈಟ್ ನೀರಿನಿಂದ ಎಷ್ಟು ಎತ್ತರದಲ್ಲಿ ತೂಗುತ್ತಿದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ಅದಿಲ್ಲದೆ ನಾನು ಹೇಳುವ ಪರ್ಸೆಂಟ್‌ಗೆ ಅರ್ಥವಿಲ್ಲ. ಒಂದು ಕಂಪನಿಯ 40 ಪರ್ಸೆಂಟ್ ಇನ್ನೊಂದರ 80ಕ್ಕೆ ಸಮ ಇರಬಹುದು. ಅದೇ ಲೈಟನ್ನು ನಾಲ್ಕು ಇಂಚು ಕೆಳಗಿಳಿಸಿದರೂ ಲೆಕ್ಕ ಬದಲಾಗುತ್ತದೆ. ಹವಳಕ್ಕೆ ನಿಮ್ಮ ಆ್ಯಪ್ ಕಾಣಿಸುವುದಿಲ್ಲ, ಅದರ ಮೈಮೇಲೆ ಬೀಳುವ ಬೆಳಕು ಮಾತ್ರ ಗೊತ್ತು. ಆ ಬೆಳಕನ್ನು ಅಳೆದು, ಮೆಲ್ಲಗೆ ಏರಿಸುವುದು ಹೇಗೆ ಅನ್ನುವುದಷ್ಟೇ ಈ ಲೇಖನ.

ಬೆಳಕು ಯಾಕೆ ಇಷ್ಟು ಮುಖ್ಯ

ನಾವು ಟ್ಯಾಂಕಿನಲ್ಲಿ ಸಾಕುವ ಬಹುತೇಕ ಹವಳಗಳ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದರ ಹೆಸರು ಜೂಜಾಂಥೆಲ್ಲೆ. ಅದು ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಕೆಲವು ಹವಳಗಳ ಊಟದಲ್ಲಿ ಶೇಕಡ 90ರವರೆಗೂ ಈ ಪಾಚಿಯದೇ ಅಡುಗೆ.

ಬೆಳಕು ಕಡಿಮೆಯಾದರೆ ಅಡುಗೆ ಕಡಿಮೆ. ಜಾಸ್ತಿಯಾದರೆ ಇನ್ನೊಂದು ಗೋಳು. ಒಂದು ಮಟ್ಟ ದಾಟಿದ ಮೇಲೆ ಪಾಚಿಗೆ ಬೆಳಕನ್ನು ಬಳಸಲು ಆಗುವುದಿಲ್ಲ. ಬಳಕೆಯಾಗದ ಆ ಶಕ್ತಿಯಿಂದ ಹಾನಿಕರ ಆಮ್ಲಜನಕದ ಅಣುಗಳು ಹುಟ್ಟುತ್ತವೆ. ಹವಳ ಹೆದರಿ ಪಾಚಿಯನ್ನೇ ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಇದನ್ನೇ ಬ್ಲೀಚಿಂಗ್ ಅನ್ನುವುದು, ನಾವು ಬಿಳಿಚುವುದು ಅನ್ನೋಣ.

ನರ್ಸರಿಯಲ್ಲಿ ಹಸಿರು ಪರದೆಯಡಿ ಬೆಳೆದ ಗಿಡವನ್ನು ತಂದು ನೇರ ತಾರಸಿ ಬಿಸಿಲಿಗಿಟ್ಟರೆ ಏನಾಗುತ್ತದೆ? ಮೂರೇ ದಿನದಲ್ಲಿ ಎಲೆ ಸುಡುತ್ತದೆ. ಅದೇ ಗಿಡವನ್ನು ದಿನಾ ಸ್ವಲ್ಪ ಸ್ವಲ್ಪ ಬಿಸಿಲಿಗೆ ಒಗ್ಗಿಸಿದರೆ ಸುಖವಾಗಿರುತ್ತದೆ. ಹವಳವೂ ಹಾಗೇ. ಬೆಳಕಿಗೆ ತಕ್ಕಂತೆ ತನ್ನೊಳಗಿನ ಪಾಚಿಯನ್ನೂ ಅದರ ಬಣ್ಣದ ಅಂಶವನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಅದಕ್ಕೆ ವಾರಗಟ್ಟಲೆ ಬೇಕು. ಮಬ್ಬು ಬೆಳಕಿನಲ್ಲಿ ಹವಳ ತಿಂಗಳುಗಟ್ಟಲೆ ತಡೆದುಕೊಂಡದ್ದನ್ನು ನೋಡಿದ್ದೇನೆ. ಒಮ್ಮೆಲೇ ಜಾಸ್ತಿ ಬೆಳಕು ಬಿದ್ದರೆ ವಾರ ತಡೆಯುವುದೂ ಕಷ್ಟ. ಹಾಗಾಗಿ ಅನುಮಾನ ಬಂದಾಗೆಲ್ಲ ನಾನು ಕಡಿಮೆಯ ಕಡೆಗೇ ವಾಲುತ್ತೇನೆ.

ಒಂದು ವಿಷಯ ಸ್ಪಷ್ಟವಿರಲಿ. ಕರಿಮಣಿ ಸರದಲ್ಲಿ, ಉಂಗುರದಲ್ಲಿ ಹಾಕುವ ಕೆಂಪು ಹವಳ ಬೇರೆ. ಅದರಲ್ಲಿ ಪಾಚಿ ಇಲ್ಲ, ಅದಕ್ಕೆ ಬೆಳಕೂ ಬೇಡ. ಟ್ಯಾಂಕಿನವರು ಸನ್ ಕೋರಲ್ ಅನ್ನುವ ಕಿತ್ತಳೆ ಹವಳವೂ ಅದೇ ಜಾತಕದ್ದು. ಹೆಸರಿನಲ್ಲಿ ಸೂರ್ಯ ಇದ್ದರೂ ಅದಕ್ಕೆ ಬೇಕಾದ್ದು ಕೈತುತ್ತು, ಲೈಟಲ್ಲ.

ಇನ್ನೊಂದು, ಕಾನೂನಿನ ಮಾತು. ಸುಣ್ಣದ ಗಟ್ಟಿ ಗೂಡು ಕಟ್ಟುವ ಕಲ್ಲು ಹವಳಗಳು, ಸಮುದ್ರ ಬೀಸಣಿಗೆಗಳು (ಸೀ ಫ್ಯಾನ್) ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ತುಂಡು ತಂದರೂ ಅಪರಾಧ. ಅಂಗಡಿಯವರು ಕಲ್ಲು ಹವಳ ತೋರಿಸಿದರೆ ಕಾಗದಪತ್ರ ಕೇಳಿ. ಅವರು ತಡವರಿಸಿದರೆ ವಾಪಸ್ ಬನ್ನಿ. ಹಾಗಾಗಿ ಇಲ್ಲಿ ಇರುವವರಿಗೆ ಮಶ್ರೂಮ್, ಜೋವಾಂಥಿಡ್, ಲೆದರ್ ತರಹದ ಮೆತ್ತನೆ ಹವಳಗಳನ್ನೇ ಮುಖ್ಯವಾಗಿಟ್ಟು ಬರೆದಿದ್ದೇನೆ. ದುಬೈ, ಸಿಂಗಪುರ, ಅಮೆರಿಕದಿಂದ ಬರೆಯುವವರಿಗಾಗಿ ಕಲ್ಲು ಹವಳದ ಅಂಕಿಗಳನ್ನೂ ಸೇರಿಸಿದ್ದೇನೆ.

ಏನೇನು ಬೇಕು

ಡಿಮ್ ಮಾಡಲು ಬರುವ ಲೈಟ್. ಟೈಮರ್. ಅಳತೆ ಟೇಪು. ಒಂದು ನೋಟ್‌ಬುಕ್. ಸಾಧ್ಯವಾದರೆ ಎರಡು ದಿನಕ್ಕೆ ಸಾಲ ತಂದ ಪಾರ್ ಮೀಟರ್. ಕೈಗವಸು ಮರೆಯಬೇಡಿ. ಜೋವಾಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾ ಜಾತಿಯಲ್ಲಿ ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರಬಹುದು. ಗಾಯದ ಕೈಯಲ್ಲಿ ಮುಟ್ಟಬಾರದು. ಅವು ಅಂಟಿದ ಕಲ್ಲನ್ನು ಯಾವತ್ತೂ ಬಿಸಿನೀರಿಗೆ ಹಾಕಬಾರದು, ಆವಿಯೂ ಅಪಾಯ.

ಪಾರ್ ಅಂದರೆ ಗಿಡ, ಪಾಚಿಗಳು ಅಡುಗೆಗೆ ಬಳಸುವ ಬೆಳಕಿನ ಅಳತೆ. 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವುದನ್ನು ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಮೋಡವಿಲ್ಲದ ನಡುಮಧ್ಯಾಹ್ನದ ಬಿಸಿಲು ಸುಮಾರು 2000. ನಮ್ಮ ಟ್ಯಾಂಕಿನಲ್ಲಿ 30ರಿಂದ 350ರೊಳಗಿನ ವ್ಯವಹಾರ.

ಹಂತ 1: ಗುರಿ ಬರೆದಿಟ್ಟುಕೊಳ್ಳಿ

ಮಶ್ರೂಮ್ ಹವಳಕ್ಕೆ 30ರಿಂದ 80 ಪಾರ್ ಸಾಕು. ಲೆದರ್ ಮತ್ತು ಜೋವಾಂಥಿಡ್‌ಗೆ 80ರಿಂದ 150. ಹಸಿರು ನಕ್ಷತ್ರದಂತೆ ಹಬ್ಬುವ ಸ್ಟಾರ್ ಪಾಲಿಪ್ ಯಾವುದಕ್ಕೂ ಜಗಳ ಮಾಡುವುದಿಲ್ಲ, ಸಿಕ್ಕ ಜಾಗದಲ್ಲೆಲ್ಲ ಹಬ್ಬುತ್ತದೆ. ದೊಡ್ಡ ಬಾಯಿಯ ಕಲ್ಲು ಹವಳಗಳಿಗೆ, ಅಂದರೆ ಎಲ್‌ಪಿಎಸ್ ಅನ್ನುವ ಗುಂಪಿಗೆ, 75ರಿಂದ 150. ಕವಲು ಕವಲಾಗಿ ಬೆಳೆಯುವ ಅಕ್ರೋಪೋರದಂಥ ಸಣ್ಣ ಬಾಯಿಯವಕ್ಕೆ, ಅಂದರೆ ಎಸ್‌ಪಿಎಸ್‌ಗೆ, 200ರಿಂದ 350.

ಇವು ಗೆರೆ ಕೊರೆದ ಅಂಕಿಗಳಲ್ಲ. ಆ ಹವಳ ಮೊದಲು ಯಾರ ಟ್ಯಾಂಕಿನಲ್ಲಿ ಎಷ್ಟು ಬೆಳಕಿನಲ್ಲಿ ಇತ್ತು ಅನ್ನುವುದೇ ಜಾಸ್ತಿ ಮುಖ್ಯ. ಕೊಳ್ಳುವಾಗ ಕೇಳಿ. ಅಂಗಡಿಯವರಿಗೆ ಪಾರ್ ಗೊತ್ತಿಲ್ಲದಿದ್ದರೂ "ಮೇಲಿತ್ತಾ, ಕೆಳಗಿತ್ತಾ" ಅನ್ನುವುದಾದರೂ ಗೊತ್ತಿರುತ್ತದೆ.

ಹಂತ 2: ಎತ್ತರ, ಬಣ್ಣ, ಗಂಟೆ ಮೂರನ್ನೂ ಮೊದಲೇ ಗಟ್ಟಿ ಮಾಡಿ

ಅಳೆಯುವ ಮೊದಲೇ ಇವು ನಿಗದಿಯಾಗಬೇಕು. ಆಮೇಲೆ ಬದಲಿಸಿದರೆ ಅಳೆದದ್ದು ನೀರಲ್ಲಿ ಹೋಮ.

ಎತ್ತರ: ಸಾಮಾನ್ಯವಾಗಿ ನೀರಿನ ಮೇಲ್ಮೈಯಿಂದ 8ರಿಂದ 12 ಇಂಚು. ಲೈಟ್ ಕೆಳಗಿದ್ದಷ್ಟೂ ನಡುವೆ ಒಂದು ಕಡೆ ಬೆಳಕು ಸುರಿದು ಮೂಲೆಗಳು ಕತ್ತಲಾಗುತ್ತವೆ. ಮೇಲಿದ್ದಷ್ಟೂ ಹರಡಿಕೊಳ್ಳುತ್ತದೆ, ಆದರೆ ಅರ್ಧ ಬೆಳಕು ಸೋಫಾಕ್ಕೆ. ಲೆನ್ಸ್ ಇರುವ ಎಲ್‌ಇಡಿಯಾದರೆ ನಾನು ಮೇಲಿನ ತುದಿಗೇ ಹೋಗುತ್ತೇನೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರುವ ಹಾಗೆ ಬಿಡಿ. ತೊಟ್ಟಿಕ್ಕಿದ ಉಪ್ಪುನೀರು ಸಾಕೆಟ್ಟಿಗೆ ಹೋಗಬಾರದು.

ಬಣ್ಣ: ಈ ಪಾಚಿ ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಸಮುದ್ರದಲ್ಲಿ ಆಳಕ್ಕೆ ಹೋದಂತೆ ಕೆಂಪು ಬೇಗ ಮಾಯವಾಗಿ ನೀಲಿ ಉಳಿಯುವುದರಿಂದ ಅದಕ್ಕೆ ಅದೇ ರೂಢಿ. ಆದ್ದರಿಂದ ನೀಲಿ, ನೇರಳೆ ಚಾನೆಲ್‌ಗಳೇ ಮುಖ್ಯ. ಚಾನೆಲ್ ಅಂದರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದಾದ ಒಂದೊಂದು ಬಣ್ಣದ ಸಾಲು. ಬಿಳಿ ಇರುವುದು ಹೆಚ್ಚಾಗಿ ನಮ್ಮ ಕಣ್ಣಿಗಾಗಿ. ನಾನು ಬಿಳಿಯನ್ನು ನೀಲಿಯ ಮೂರನೇ ಒಂದು ಭಾಗ ದಾಟಿಸುವುದಿಲ್ಲ. ಕೆಂಪು, ಹಸಿರು ಹೆಸರಿಗಷ್ಟೇ. ಈ ಪ್ರಮಾಣ ಒಮ್ಮೆ ಇಟ್ಟ ಮೇಲೆ ದಿನಾ ಆಡಬೇಡಿ. ಮುಂದೆ ಏರಿಸುವಾಗ ಎಲ್ಲ ಚಾನೆಲ್‌ಗಳನ್ನೂ ಇದೇ ಪ್ರಮಾಣದಲ್ಲಿ ಒಟ್ಟಿಗೆ ಏರಿಸುವುದು. ನೇರಳೆ ಲೈಟನ್ನು ಕೆಳಗಿನಿಂದ ಇಣುಕಿ ನೋಡುವ ಅಭ್ಯಾಸ ಇದ್ದರೆ ಬಿಡಿ. ಕಣ್ಣಿಗೆ ಮಂದ ಅನ್ನಿಸಿದರೂ ಅದು ಮಂದ ಅಲ್ಲ.

ಗಂಟೆ: ಪೂರ್ತಿ ಬೆಳಕು 8 ಗಂಟೆ. ಬೆಳಗ್ಗೆ ಏರಲು ಒಂದು ಗಂಟೆ, ಸಂಜೆ ಇಳಿಯಲು ಒಂದು ಗಂಟೆ. ಆಫೀಸಿನಿಂದ ಬಂದು ನೋಡುವ ಆಸೆ ಇದ್ದರೆ ಮಧ್ಯಾಹ್ನ 12ಕ್ಕೆ ಶುರು ಮಾಡಿ, ಹವಳಕ್ಕೇನೂ ಬೇಜಾರಿಲ್ಲ. ರಾತ್ರಿ ಕತ್ತಲೆ ಬೇಕೇ ಬೇಕು. ರಾತ್ರಿಯಿಡೀ ಉರಿಯುವ ನೀಲಿ "ಮೂನ್‌ಲೈಟ್" ಶೋಕಿ ಅಷ್ಟೇ.

"ಪಾರ್ ಕಡಿಮೆ ಇದೆ, ಹದಿನಾಲ್ಕು ಗಂಟೆ ಉರಿಸಲಾ?" ಅಂತ ಕೇಳುವವರಿದ್ದಾರೆ. 100 ಪಾರ್ 10 ಗಂಟೆಯೂ 200 ಪಾರ್ 5 ಗಂಟೆಯೂ ಒಟ್ಟು ಲೆಕ್ಕದಲ್ಲಿ ಒಂದೇ, ನಿಜ. ಆದರೆ 200 ಅನ್ನು ಅರಗಿಸಿಕೊಳ್ಳಲಾಗದ ಮಶ್ರೂಮ್‌ಗೆ ಆ ಐದು ಗಂಟೆ ಶಿಕ್ಷೆ. ಗಂಟೆ ಎಳೆದರೆ ಹವಳಕ್ಕಿಂತ ಮೊದಲು ಖುಷಿಪಡುವುದು ಗಾಜಿನ ಮೇಲಿನ ಪಾಚಿ.

ಹಂತ 3: ಈಗ ಎಷ್ಟು ಬೀಳುತ್ತಿದೆ, ಅಳೆಯಿರಿ

ಮೀಟರ್ ಕೊಳ್ಳಬೇಡಿ, ದುಬಾರಿ. ವರ್ಷಕ್ಕೆ ಎರಡು ಸಲ ಬೇಕಾಗುವ ವಸ್ತು ಅದು. ನಾಲ್ಕು ಜನ ಸೇರಿ ಒಂದು ಕೊಂಡರೆ ಸರಿ, ಇಲ್ಲವೇ ಸಾಲ ತನ್ನಿ.

ಬೆಳಕು ಪೂರ್ತಿ ಏರಿದ ಹೊತ್ತಿನಲ್ಲಿ ಅಳೆಯಿರಿ. ಕಿಟಕಿ ಪರದೆ ಎಳೆಯಿರಿ. ಅಲೆ ಎಬ್ಬಿಸುವ ಪಂಪನ್ನು ಎರಡು ನಿಮಿಷ ನಿಲ್ಲಿಸಿ, ಇಲ್ಲದಿದ್ದರೆ ಅಂಕಿ ಕುಣಿಯುತ್ತಲೇ ಇರುತ್ತದೆ. ಸೆನ್ಸರ್ ನೇರ ಮೇಲಕ್ಕೆ ಮುಖ ಮಾಡಿರಬೇಕು, ಸ್ವಲ್ಪ ಓರೆಯಾದರೂ ತಪ್ಪು ಅಂಕಿ. ಮೇಲಿನಿಂದ ನೋಡಿದಂತೆ ಟ್ಯಾಂಕನ್ನು ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಹೀಗೆ ಒಂಬತ್ತು ಮನೆ ಮಾಡಿ. ಪ್ರತಿ ಮನೆಯಲ್ಲೂ ಮರಳಿನ ಮಟ್ಟ, ಕಲ್ಲಿನ ನಡು, ಕಲ್ಲಿನ ನೆತ್ತಿ ಮೂರು ಕಡೆ ಅಳೆದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತುಂಬಿಸಿ. ಇಪ್ಪತ್ತೇಳು ಅಂಕಿ. ಅರ್ಧ ಗಂಟೆಯ ಕೆಲಸ. ಮರಳಿನಲ್ಲಿ 60, ಅದರ ನೇರ ಮೇಲಿನ ಕಲ್ಲಿನ ನೆತ್ತಿಯಲ್ಲಿ 180 ಬಂದರೆ ಆಶ್ಚರ್ಯಪಡಬೇಡಿ. ಒಂದೇ ಟ್ಯಾಂಕಿನಲ್ಲಿ ಮಶ್ರೂಮೂ ಲೆದರೂ ಬದುಕುವುದೇ ಈ ವ್ಯತ್ಯಾಸದಿಂದ.

ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ಒಂದು, ಹಳೆಯ ಸೆನ್ಸರ್‌ಗಳು ನೀಲಿ ಬೆಳಕನ್ನು ಕಡಿಮೆ ತೋರಿಸುತ್ತವೆ. ಎರಡು, ಗಾಳಿಯಲ್ಲಿ ಅಳೆಯಲು ಮಾಡಿದ ಸೆನ್ಸರ್ ನೀರಿನೊಳಗೆ ಕಡಿಮೆ ಹೇಳುತ್ತದೆ, ಅದನ್ನು ಗುಣಿಸಿ ಸರಿ ಮಾಡಬೇಕು. ಅಪೋಜಿ ಕಂಪನಿಯ 500 ಸರಣಿಯ ಸೆನ್ಸರ್‌ಗೆ ಆ ಗುಣಕ 1.32. ಆದರೆ ಅದೇ ಕಂಪನಿಯ ಎಂಕ್ಯೂ-510 ಮಾದರಿ ನೀರಿಗೆಂದೇ ಮಾಡಿದ್ದು, ಲೆಕ್ಕ ಒಳಗೇ ಆಗಿರುತ್ತದೆ. ಅದರ ಅಂಕಿಯನ್ನೂ ಮತ್ತೆ 1.32ರಿಂದ ಗುಣಿಸಿ "ನನ್ನ ಟ್ಯಾಂಕಿನಲ್ಲಿ ಬೆಳಕು ಜಾಸ್ತಿ" ಅಂತ ಗಾಬರಿಯಾಗುವವರು ಕಡಿಮೆಯೇನಿಲ್ಲ.

ಮೀಟರ್ ಸಿಗಲೇ ಇಲ್ಲವಾ? ಫೋನಿನ ಲಕ್ಸ್ ಆ್ಯಪ್ ಇದೆ. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಹಳದಿ ಜಾಸ್ತಿ ಕಾಣುತ್ತದೆ, ಗಾಢ ನೀಲಿ ಕಡಿಮೆ. ಬಿಸಿಲಾದರೆ ಲಕ್ಸನ್ನು 54ರಿಂದ ಭಾಗಿಸಿ ಪಾರ್ ಅಂದಾಜು ಮಾಡಬಹುದು, ನೀಲಿಯೇ ಜಾಸ್ತಿ ಇರುವ ನಮ್ಮ ಹವಳದ ಲೈಟಿಗೆ ಆ ಲೆಕ್ಕ ನಡೆಯುವುದಿಲ್ಲ. ಹಾಗಂತ ಲಕ್ಸ್ ವ್ಯರ್ಥ ಅಲ್ಲ. ಬಣ್ಣದ ಪ್ರಮಾಣ ಬದಲಿಸದೆ, ಫೋನನ್ನು ಅದೇ ಜಾಗದಲ್ಲಿ ಗಾಜಿನ ಅಂಚಿಗೆ ಹಿಡಿದು ನೋಡಿದರೆ "ಹೋದ ವಾರಕ್ಕಿಂತ ಎಷ್ಟು ಪಾಲು ಜಾಸ್ತಿಯಾಯಿತು" ಅನ್ನುವುದು ಗೊತ್ತಾಗುತ್ತದೆ. ಮುಂದಿನ ಹಂತಕ್ಕೆ ಅಷ್ಟಿದ್ದರೆ ಕೆಲಸ ನಡೆಯುತ್ತದೆ.

ಹಂತ 4: ಏರಿಸುವುದು

ಈ ಹಂತವನ್ನು ಅವಸರ ಮಾಡದೆ ಓದಿ.

ಹೊಸ ಲೈಟಾದರೆ ಗುರಿಯ ಅರ್ಧದಿಂದ ಶುರು ಮಾಡಿ. ಕಲ್ಲಿನ ನೆತ್ತಿಯಲ್ಲಿರುವ ಲೆದರ್‌ಗೆ 120 ಪಾರ್ ಗುರಿಯಾದರೆ, ಮೊದಲ ದಿನ ಅಲ್ಲಿ 60 ಬರುವಷ್ಟು ಇಡಿ. ಹಳೆ ಲೈಟ್ ತೆಗೆದು ಹೊಸದು ಹಾಕುತ್ತಿದ್ದರೆ, ಹಳೆಯದನ್ನು ಬಿಚ್ಚುವ ಮುಂಚೆ ಅಳೆದಿಡಿ. ಹೊಸದನ್ನು ಆ ಅಂಕಿಗಿಂತ ಸ್ವಲ್ಪ ಕೆಳಗೆ ಶುರು ಮಾಡಿ. ಆಮೇಲೆ ವಾರಕ್ಕೊಮ್ಮೆ ಏರಿಸಿ.

ಎಷ್ಟು? "ವಾರಕ್ಕೆ 5 ಪರ್ಸೆಂಟ್" ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಒಂದು ಮೋಸ ಇದೆ. ಆ್ಯಪ್‌ನಲ್ಲಿ 20ರಿಂದ 25ಕ್ಕೆ ಹೋದಾಗ ಬೆಳಕು ಕಾಲು ಪಾಲು ಜಾಸ್ತಿಯಾಯಿತು. 60ರಿಂದ 65ಕ್ಕೆ ಹೋದಾಗ ಹನ್ನೆರಡರಲ್ಲಿ ಒಂದು ಪಾಲಷ್ಟೇ. ಅದೇ ಐದು, ಆದರೆ ಶುರುವಿನಲ್ಲಿ ಏಟು ಜೋರು. ನಾನು ಲೆಕ್ಕ ಹಾಕುವುದು ಹೀಗೆ: ಈಗ ಎಷ್ಟಿದೆಯೋ ಅದರ ಹತ್ತನೇ ಒಂದು ಭಾಗ, ವಾರಕ್ಕೊಮ್ಮೆ. ಆ್ಯಪ್‌ನಲ್ಲಿ 30 ಇದ್ದರೆ ಮುಂದಿನ ವಾರ 33, ಆಮೇಲೆ 36, 40, 44, 48, 53. ಆರು ವಾರ. ಚಕ್ರಬಡ್ಡಿಯ ಹಾಗೆ ತಾನೇ ಬೆಳೆಯುತ್ತದೆ, ಅವಸರ ಬೇಡ.

ಕೆಲವು ಲೈಟ್‌ಗಳಲ್ಲಿ ಆ್ಯಪ್‌ನ ಅಂಕಿಗೂ ನಿಜವಾದ ಬೆಳಕಿಗೂ ಸರಿ ಹೊಂದುವುದಿಲ್ಲ. 40ರವರೆಗೆ ಮೆಲ್ಲಗೆ ಹೋಗಿ ಆಮೇಲೆ ಒಮ್ಮೆಲೇ ಜಿಗಿಯುತ್ತವೆ. ಲಕ್ಸ್ ಆ್ಯಪ್‌ನಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ. "ಅಕ್ಲಿಮೇಶನ್ ಮೋಡ್" ಅಂತ ಇದ್ದರೆ ಬಳಸಿ, ಅದು ದಿನಾ ಚೂರು ಚೂರು ಏರಿಸುತ್ತದೆ. ಅದು ಮುಗಿದ ದಿನ ಯಾವ ಅಂಕಿಗೆ ಹೋಗಿ ನಿಲ್ಲುತ್ತದೆ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. 100 ಅಂತ ಇಟ್ಟು ಮರೆತರೆ ಅಷ್ಟೇ ಕಥೆ.

ಡಿಮ್ ಆಗದ ಟ್ಯೂಬ್ ಲೈಟಾದರೆ ಸೊಳ್ಳೆ ಪರದೆಯ ಉಪಾಯ ಇದೆ. ಕಿಟಕಿಗೆ ಹಾಕುವ ಫೈಬರ್ ಜಾಲರಿಯನ್ನು ಟ್ಯಾಂಕಿನ ಅಳತೆಗೆ ಕತ್ತರಿಸಿ ಮೂರು ನಾಲ್ಕು ಪದರ ಮೇಲೆ ಹಾಸಿ. ವಾರಕ್ಕೊಂದು ಪದರ ತೆಗೆಯಿರಿ. ತಂತಿ ಜಾಲರಿ ಬೇಡ, ಉಪ್ಪಿನ ಗಾಳಿಗೆ ತುಕ್ಕು ಹಿಡಿದು ನೀರಿಗೆ ಉದುರುತ್ತದೆ. ಜಾಲರಿ ಲೈಟಿಗೆ ತಾಗದಿರಲಿ, ಬಿಸಿಗೆ ಕರಗೀತು.

ಏರಿಸುವ ವಾರ ಬೇರೇನೂ ಬದಲಿಸಬೇಡಿ. ಹೊಸ ಉಪ್ಪು, ಹೊಸ ಪಂಪು, ಹೊಸ ಲೈಟ್ ಲೆವೆಲ್ ಮೂರೂ ಒಂದೇ ಭಾನುವಾರ ಮಾಡಿದರೆ, ಬುಧವಾರ ಹವಳ ಮುದುಡಿದಾಗ ಯಾರನ್ನು ದೂರುತ್ತೀರಿ?

ಹಂತ 5: ನೋಡುವುದು

ಪ್ರತಿ ಭಾನುವಾರ ಅದೇ ಹೊತ್ತಿಗೆ, ಅದೇ ಜಾಗದಿಂದ ಒಂದು ಫೋಟೋ. ಐದು ನಿಮಿಷದ ಮಟ್ಟಿಗೆ ಬಿಳಿ ಚಾನೆಲ್ ಸ್ವಲ್ಪ ಎತ್ತಿ ತೆಗೆಯಿರಿ. ಬರೀ ನೀಲಿಯಲ್ಲಿ ಎಲ್ಲ ಹವಳವೂ ಮಿಂಚುತ್ತದೆ, ಫೋನಿನ ಕ್ಯಾಮೆರಾವಂತೂ ಪೂರ್ತಿ ಮೋಸ ಹೋಗುತ್ತದೆ. ಬಿಳಿಚಿದ್ದು ಬಿಳಿಯಲ್ಲೇ ಗೊತ್ತಾಗುವುದು.

ಮಶ್ರೂಮ್ ಒಳ್ಳೆ ಸಾಕ್ಷಿದಾರ. ಬೆಳಕು ಸಾಲದಿದ್ದರೆ ತಟ್ಟೆಯ ಹಾಗೆ ಅಗಲವಾಗಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಜನ ಅದನ್ನು ನೋಡಿ "ಚೆನ್ನಾಗಿ ಬೆಳೆದಿದೆ" ಅಂದುಕೊಳ್ಳುತ್ತಾರೆ, ಪಾಪ ಅದು ಬೆಳಕಿಗಾಗಿ ಸೆರಗೊಡ್ಡಿ ನಿಂತಿರುತ್ತದೆ. ಜಾಸ್ತಿಯಾದರೆ ಅಂಚು ಒಳಕ್ಕೆ ಸುತ್ತಿಕೊಳ್ಳುತ್ತದೆ, ಮೈ ಕುಗ್ಗುತ್ತದೆ, ಬಣ್ಣ ತೆಳುವಾಗುತ್ತದೆ. ನಾನು ಹಳೆ ಟ್ಯೂಬ್ ತೆಗೆದು ಮೊದಲ ಎಲ್‌ಇಡಿ ಹಾಕಿದಾಗ ಅಳೆಯದೆ 70 ಪರ್ಸೆಂಟ್‌ಗೆ ಇಟ್ಟಿದ್ದೆ. ಅಂಗೈ ಅಗಲದ ಕೆಂಪು ಮಶ್ರೂಮ್ ಐದನೇ ದಿನ ಕೋಟಿನ ಗುಂಡಿಯಷ್ಟಾಗಿತ್ತು. ಮತ್ತೆ ಮೊದಲಿನ ಗಾತ್ರಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು.

ಜೋವಾಂಥಿಡ್ ಕತ್ತಲಲ್ಲಿ ಕಾಂಡ ಉದ್ದ ಮಾಡಿ ಕತ್ತು ಚಾಚುತ್ತದೆ, ಅಡುಗೆಮನೆ ಮೂಲೆಯಲ್ಲಿ ಮೊಳೆತ ಮೆಂತ್ಯದ ಹಾಗೆ. ಬೆಳಕು ಜಾಸ್ತಿಯಾದರೆ ತಾನು ಹಬ್ಬಿದ ಚಾಪೆಯಂಥ ಬುಡಕ್ಕೆ ಒತ್ತಿಕೊಂಡು ಗಿಡ್ಡವಾಗುತ್ತದೆ, ಮುಟ್ಟಿದರೆ ಮುನಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಯಾವ ಹೊತ್ತಿನಲ್ಲಿ ಮುಚ್ಚಿದೆ ಅನ್ನುವುದನ್ನು ಗಮನಿಸಿ. ಬೆಳಕು ಏರುವಾಗ ಅರಳಿ, ನಡುಹೊತ್ತಿನಲ್ಲಿ ಮುಚ್ಚಿ, ಸಂಜೆ ಇಳಿಯುವಾಗ ಮತ್ತೆ ಅರಳಿದರೆ ಅದು ಬೆಳಕಿನ ತಕರಾರು. ಇಡೀ ದಿನ ಮುಚ್ಚಿದ್ದರೆ ನೀರು ಪರೀಕ್ಷಿಸಿ, ಮೀನೋ ಹುಳವೋ ಕಚ್ಚುತ್ತಿದೆಯಾ ನೋಡಿ.

ಬಣ್ಣ ಎಲ್ಲಿ ಹೋಗಿದೆ ಅನ್ನುವುದೂ ಹೇಳುತ್ತದೆ. ಲೈಟಿಗೆ ಎದುರಾದ ನೆತ್ತಿ ಬಿಳಿಚಿ, ನೆರಳಿನ ಬದಿ ಬಣ್ಣ ಉಳಿಸಿಕೊಂಡಿದ್ದರೆ ಬೆಳಕೇ ಕಾರಣ. ಮಲೆನಾಡಿನಲ್ಲಿ ಅಡಿಕೆ ಮರದ ಪಡುವಣ ಬಿಸಿಲು ಬೀಳುವ ಮಗ್ಗುಲು ಮಾತ್ರ ಸುಡುತ್ತದಲ್ಲ, ಹಾಗೆ. ಕಲ್ಲು ಹವಳದಲ್ಲಿ ಬುಡದಿಂದ ಮಾಂಸ ಸುಲಿಯುತ್ತಾ ಮೇಲೇರಿದರೆ ಲೈಟನ್ನು ಬೈಯಬೇಡಿ, ಕ್ಷಾರತೆ ಮತ್ತು ನೀರಿನ ಹರಿವು ನೋಡಿ. ಹವಳ ಬಿಳಿಯಾಗದೆ ಕಂದಾದರೆ ಬೆಳಕು ಕಡಿಮೆ ಇರಬಹುದು, ಅಥವಾ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಅನ್ನುವ ಗೊಬ್ಬರದಂಶ ಜಾಸ್ತಿ ಇರಬಹುದು.

ಲೆದರ್ ಹವಳ ಒಂದು ನಾಟಕ ಆಡುತ್ತದೆ. ಆಗಾಗ ಮುಚ್ಚಿಕೊಂಡು, ಮೇಣದಂಥ ಪೊರೆ ಹೊದ್ದು, ಕೆಲವು ದಿನ, ಒಮ್ಮೊಮ್ಮೆ ವಾರದ ಮೇಲೂ ಮಂಕಾಗಿ ಕೂರುತ್ತದೆ. ಪೊರೆ ಕಳಚಿದ ಮೇಲೆ ಮೊದಲಿಗಿಂತ ಚೆನ್ನಾಗಿ ಅರಳುತ್ತದೆ. ಈ ಹೊತ್ತಿನಲ್ಲಿ ಲೈಟ್ ಮುಟ್ಟಬೇಡಿ. ಪಂಪಿನ ಹರಿವು ಅದರ ಮೇಲೆ ಹಾಯುವಂತೆ ತಿರುಗಿಸಿ, ಸಾಕು.

ಹಂತ 6: ಹೊಸ ಫ್ರ್ಯಾಗ್ ಬಂದಾಗ

ಫ್ರ್ಯಾಗ್ ಅಂದರೆ ದೊಡ್ಡ ಹವಳದಿಂದ ಕತ್ತರಿಸಿ ಸಣ್ಣ ಬಿಲ್ಲೆಗೆ ಅಂಟಿಸಿದ ತುಂಡು. ಹೊಸ ಫ್ರ್ಯಾಗ್‌ಗಾಗಿ ಇಡೀ ಟ್ಯಾಂಕಿನ ಲೈಟ್ ಇಳಿಸಬೇಡಿ, ಹಳಬರಿಗೆ ಯಾಕೆ ಉಪವಾಸ? ಹೊಸದನ್ನು ಮರಳಿನ ಮೇಲೆ, ಮೂಲೆಯ ಕಡೆ ಇಡಿ. ವಾರದ ನಂತರ ಎರಡು ಮೂರು ಇಂಚು ಮೇಲಕ್ಕೆ. ಹಂತ 3ರ ನಿಮ್ಮ ಚಿತ್ರ ಇಲ್ಲಿ ಕೈ ಹಿಡಿಯುತ್ತದೆ. 60ರ ಜಾಗದಿಂದ 80ಕ್ಕೆ, ಅಲ್ಲಿಂದ 100ಕ್ಕೆ, ಹೀಗೆ ದಾರಿ ಗುರುತಿಸಿಟ್ಟುಕೊಳ್ಳಿ. ಅಂಟು ಹಾಕುವುದು ಕೊನೆಯ ಜಾಗದಲ್ಲಿ ಮಾತ್ರ.

ಎಲ್ಲರೂ ಎಡವುವ ಕಡೆಗಳು

ಲೈಟ್ ಮುಟ್ಟದೆಯೂ ಬೆಳಕು ಬದಲಾಗುತ್ತದೆ. ಇದನ್ನು ನಂಬಿಸಲು ನನಗೆ ತುಂಬಾ ಹೊತ್ತು ಬೇಕಾಗುತ್ತದೆ. ನೀರು ಸೋಸುವ ಇದ್ದಿಲನ್ನು, ಅಂದರೆ ಆ್ಯಕ್ಟಿವೇಟೆಡ್ ಕಾರ್ಬನ್ನನ್ನು, ತಿಂಗಳುಗಟ್ಟಲೆ ಹಾಕದ ಟ್ಯಾಂಕಿನ ನೀರು ತೆಳುವಾದ ಚಹಾದಂತೆ ಹಳದಿಯಾಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಬಿಳಿ ಬಕೆಟ್ಟಿಗೆ ನೀರು ತುಂಬಿ ನೋಡಿ. ಆ ಹಳದಿ ನೀಲಿ ಬೆಳಕನ್ನು ತಿನ್ನುತ್ತದೆ. ಒಂದು ದಿನ ಒಂದು ಹಿಡಿ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕುತ್ತೀರಿ, ಎರಡೇ ದಿನದಲ್ಲಿ ನೀರು ಸ್ಫಟಿಕ. ಹವಳಕ್ಕೆ ರಾತ್ರೋರಾತ್ರಿ ಲೈಟ್ ಏರಿಸಿದಂತೆ. ಕಾರ್ಬನ್ ಸ್ವಲ್ಪ ಸ್ವಲ್ಪವೇ ಹಾಕಿ, ಆ ವಾರ ಲೈಟ್ ಒಂದು ಮೆಟ್ಟಿಲು ಇಳಿಸಿ. ಲೈಟಿನ ಗಾಜಿಗೆ, ಟ್ಯಾಂಕಿನ ಮುಚ್ಚಳಕ್ಕೆ ಕಟ್ಟಿದ ಉಪ್ಪನ್ನು ಆರು ತಿಂಗಳಿಗೊಮ್ಮೆ ಉಜ್ಜುವವರಿಗೂ ಇದೇ ಮಾತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಈ ತಾಪತ್ರಯವೇ ಇಲ್ಲ. ಟಿ5 ಅನ್ನುವ ತೆಳು ಟ್ಯೂಬ್ ಲೈಟ್ ಇಟ್ಟವರು ವರ್ಷಕ್ಕೊಮ್ಮೆ ಬದಲಿಸುವಾಗ ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ, ಎರಡು ವಾರಕ್ಕೊಂದರಂತೆ ಹಾಕಿ.

ಕರೆಂಟ್ ಹೋಗಿ ಬಂದಾಗ ಕೆಲವು ಅಗ್ಗದ ಲೈಟ್‌ಗಳು ಗಡಿಯಾರ ಮರೆತುಬಿಡುತ್ತವೆ. ಮಧ್ಯರಾತ್ರಿ ಎರಡು ಗಂಟೆಗೆ 100 ಪರ್ಸೆಂಟ್ ಉರಿಯುತ್ತಾ ಕೂತಿರುತ್ತವೆ. ಕೊಂಡ ವಾರವೇ ಬೇಕೆಂದೇ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿ, ಏನು ಮಾಡುತ್ತದೆ ನೋಡಿ. ಮರೆಯುವ ಜಾತಿಯದಾದರೆ ಅದರ ಕಂಟ್ರೋಲರ್‌ಗೆ ಸಣ್ಣ ಯುಪಿಎಸ್ ಕೊಡಿ.

ಕಿಟಕಿ ಇನ್ನೊಂದು. ಟ್ಯಾಂಕ್ ಇಟ್ಟಾಗ ಜೂನ್, ಬಿಸಿಲೇ ಬರುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಬೆಂಗಳೂರಿನ ದಕ್ಷಿಣದ ಕಿಟಕಿಯಿಂದ ಒಂದು ಕೋಲು ಬಿಸಿಲು ನೇರ ಮಶ್ರೂಮ್ ಮೇಲೆ. ಒಂದು ತಿಳಿ ಪರದೆ ಹಾಕಿದರೆ ಆಯಿತು.

ತೀರಾ ಶುಚಿಯೂ ತೊಂದರೆಯೇ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಇರುವ ಟ್ಯಾಂಕಿನಲ್ಲಿ ಜೋರು ಬೆಳಕು ಇಟ್ಟರೆ ಹವಳ ಬೇಗ ಬಿಳಿಚುತ್ತದೆ. ಕೂಲಿಗೆ ಕರೆದು ಊಟ ಹಾಕದ ಹಾಗೆ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ನಾನು ನಿಶ್ಚಿಂತ.

ಕೊನೆಯದು ಬಿಸಿಲುಗಾಲ. ನೀರು 25–26 ಡಿಗ್ರಿ ಇದ್ದಾಗ ಸುಖವಾಗಿ ಅರಗಿದ ಬೆಳಕು 30 ಡಿಗ್ರಿಯಲ್ಲಿ ವಿಷವಾಗುತ್ತದೆ. ಬಿಸಿಗೆ ಪಾಚಿಯ ಒಳಗಿನ ಯಂತ್ರ ಕೆಡುತ್ತದೆ, ಅದೇ ಬೆಳಕು ಅದಕ್ಕೆ ಭಾರ. 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದ್ದು ಸಮುದ್ರ ಕಾದಿದ್ದರಿಂದ. ಸಮುದ್ರಕ್ಕೆ ಡಿಮ್ಮರ್ ಇಲ್ಲ, ನಮಗಿದೆ. ಮಾರ್ಚ್‌ನಿಂದ ಮೇವರೆಗೆ ನೀರು ತಣಿಸುವ ಚಿಲ್ಲರ್ ಇಲ್ಲದವರು ನೀರು 28 ದಾಟಿದ ದಿನ ಲೈಟನ್ನು ಕಾಲು ಭಾಗ ಇಳಿಸಿ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಕಿ. ಉರಿಸುವ ಹೊತ್ತನ್ನು ಸಂಜೆಗೆ ತಳ್ಳಿ.

ಬಿಳಿಚಿಯೇ ಬಿಟ್ಟರೆ

ಗಾಬರಿಯಲ್ಲಿ ಲೈಟ್ ಪೂರ್ತಿ ಆರಿಸುವವರು ಹೆಚ್ಚು. ಬೇಡ. ಉಳಿದಿರುವ ಚೂರುಪಾರು ಪಾಚಿಗೂ ಅಡುಗೆ ಮಾಡಲು ಬೆಳಕು ಬೇಕಲ್ವಾ? ಒಂದೇ ಹವಳ ಬಿಳಿಚಿದ್ದರೆ ಅದನ್ನು ಮಾತ್ರ ಕೆಳಗಿನ ನೆರಳಿಗೆ ಸರಿಸಿ. ಹಲವು ಬಿಳಿಚಿದ್ದರೆ ಲೈಟನ್ನು ಮೂರನೇ ಒಂದು ಭಾಗ ಇಳಿಸಿ. ಏರಿಸುವಾಗಲಷ್ಟೇ ನಿಧಾನ, ಇಳಿಸುವಾಗ ಒಂದೇ ಸಲಕ್ಕೆ ಇಳಿಸಬಹುದು. ನೀರಿನ ಬಿಸಿ, ಉಪ್ಪಿನ ಪ್ರಮಾಣ, ಕ್ಷಾರತೆ ಅವತ್ತೇ ಪರೀಕ್ಷಿಸಿ.

ಬಿಳಿಚಿದ ಹವಳ ಸತ್ತ ಹವಳ ಅಲ್ಲ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಗಾಜಿನಂತೆ ತೆಳುವಾದ ಮಾಂಸ ಇನ್ನೂ ಇದ್ದು, ಮುಟ್ಟಿದರೆ ಸರಿಯುತ್ತಿದ್ದರೆ ಜೀವ ಇದೆ. ಬಾಯಿ ಕಾಣುವ ಜಾತಿಯಾದರೆ ವಾರಕ್ಕೆರಡು ಸಲ, ಲೈಟ್ ಆರಿದ ಮೇಲೆ, ಪಂಪ್ ನಿಲ್ಲಿಸಿ, ಸಣ್ಣಗೆ ಹೆಚ್ಚಿದ ಸಿಗಡಿಯನ್ನೋ ಪುಡಿ ಆಹಾರವನ್ನೋ ಡ್ರಾಪರ್‌ನಲ್ಲಿ ಕೊಡಿ. ತಿನ್ನದೆ ಬಿಟ್ಟದ್ದನ್ನು ಅರ್ಧ ಗಂಟೆಯಲ್ಲಿ ಎತ್ತಿಬಿಡಿ. ಮೂರು ನಾಲ್ಕು ವಾರ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಒಂದು ದಿನ ಬುಡದ ನೆರಳಿನ ಕಡೆಯಿಂದ ಕಂದು ಬಣ್ಣ ಮಂಜಿನಂತೆ ಏರತೊಡಗುತ್ತದೆ. ಅದು ಅರ್ಧ ಮೈ ಹಬ್ಬುವವರೆಗೆ ಲೈಟಿನ ಆ್ಯಪ್ ತೆರೆಯಬೇಡಿ. ಹಬ್ಬಿದ ಮೇಲೆ ಹಂತ 4ಕ್ಕೆ ಹೋಗಿ, ಈ ಸಲ ವಾರದ ಬದಲು ಎರಡು ವಾರಕ್ಕೊಮ್ಮೆ ಏರಿಸಿ.